ಪಕ್ಷಗಳ ಜಗಳ ಅಂತರ್ಯುದ್ಧವಾಗುವುದು ಯಾವ ಹಂತದಲ್ಲಿ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ಆರದಂತೆ ಕಾಪಾಡಿಕೊಂಡ ದೀಪವನ್ನು ಹಿಡಿದು ಹಾಡುತ್ತಾ ಮನೆಯಿಂದ ಮನೆಗೆ ಬರುವುದನ್ನೂ, ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು ಕಳುಹಿಸುವುದನ್ನೂ ನಾನು ಬುದ್ಧಿ ಬಂದಾಗಿನಿಂದ ನೋಡುತ್ತಾ ಬಂದಿದ್ದೇನೆ. ಯಾರ ಮನೆ ಯಾವ ಪಕ್ಷದ್ದೆಂದು ಆ ದೀಪ ಕೇಳಿದ್ದು ನನಗೆ ನೆನಪಿಲ್ಲ. ಕಳೆದ ದೀಪಾವಳಿಯಲ್ಲಿ ಮಾತ್ರ ನಮ್ಮ ಊರಿನಿಂದ ಎರಡು ತಂಡಗಳು ಹೊರಟವು. ಒಂದು ತಂಡ ಮೇಲಿನಕೇರಿಯ ಆರು ಮನೆಗಳನ್ನು ಬಿಟ್ಟು ಹೋಯಿತು. ಇನ್ನೊಂದು ತಂಡ ನಮ್ಮ ಮನೆಯೂ ಸೇರಿದಂತೆ ಕೆಳಗಿನ ಮನೆಗಳ ಅಂಗಳಕ್ಕೆ ಕಾಲಿಡಲಿಲ್ಲ. ಕಾರಣ ಬೇರೇನೂ ಅಲ್ಲ, ಹಿಂದಿನ ಚುನಾವಣೆಯಲ್ಲಿ ಹುಟ್ಟಿಕೊಂಡ ಮನಸ್ತಾಪ.

ಮರುದಿನ ಜಗಲಿಯಲ್ಲಿ ಕುಳಿತು ಇದೇ ಮಾತನಾಡುತ್ತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ, "ಮಾವ, ದೇಶಗಳು ಅಂತರ್ಯುದ್ಧಕ್ಕೆ ಹೋಗುವುದು ಹೀಗೆಯೇ, ಮೊದಲು ಹಬ್ಬ ಒಡೆಯುತ್ತದೆ, ಆಮೇಲೆ ಊರು" ಎಂದ. ಅವನ ಮಾತನ್ನು ನಗುತ್ತಾ ತಳ್ಳಿಹಾಕಿದೆನಾದರೂ ಮನಸ್ಸಿನಿಂದ ತೆಗೆದುಹಾಕಲು ಆಗಲಿಲ್ಲ. ಮೂರು ವಾರ ಕೊನೆಕೊಯ್ಲಿನ ಗಡಿಬಿಡಿಯ ನಡುವೆಯೂ ಅದು ತಲೆಯಲ್ಲಿ ಸುತ್ತುತ್ತಲೇ ಇತ್ತು.

ಪಕ್ಷಭೇದವಿಲ್ಲದ ದೇಶವಿಲ್ಲ, ದ್ವೇಷವಿಲ್ಲದ ಚುನಾವಣೆಯೂ ಅಪರೂಪ. ಹಾಗಿದ್ದರೂ ಕೆಲವು ದೇಶಗಳಲ್ಲಿ ಈ ಜಗಳ ಭಾಷಣ, ಮೊಕದ್ದಮೆ, ಮುನಿಸುಗಳಲ್ಲಿ ಮುಗಿದುಹೋಗುತ್ತದೆ, ಇನ್ನು ಕೆಲವು ದೇಶಗಳಲ್ಲಿ ಅದೇ ಜಗಳ ಸಾವಿರಾರು ಜನರ ಹೆಣ ಬೀಳುವವರೆಗೂ ನಿಲ್ಲುವುದಿಲ್ಲ. ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ. ಇತಿಹಾಸ ಓದಿದವರು ತಿಳಿಸಿಕೊಡಬೇಕೆಂದು ವಿನಂತಿ. ಇಂದಿನ ನಮ್ಮ ಪಕ್ಷಗಳ ಹೆಸರೆತ್ತಿದರೆ ಚರ್ಚೆ ದಾರಿ ತಪ್ಪುತ್ತದೆ, ದಯವಿಟ್ಟು ಅದನ್ನು ಬಿಡೋಣ.

ಉತ್ತರ 1: ನಿವೃತ್ತ ಇತಿಹಾಸ ಅಧ್ಯಾಪಕ, ಸಾಗರ

ಎರಡು ದೀಪಗಳ ಸಂಗತಿ ಓದಿ ಬೇಸರವಾಯಿತು. ಆದರೆ ಅದನ್ನು ಅಂತರ್ಯುದ್ಧದ ಮುನ್ಸೂಚನೆಯೆಂದು ತಿಳಿಯುವುದು ಅವಸರವಾದೀತು. ಒಂದು ಸರ್ಕಾರಕ್ಕೂ ಅದೇ ದೇಶದೊಳಗಿನ ಸಂಘಟಿತ ಪಡೆಗೂ ನಡುವೆ ಕಾದಾಟ ನಡೆದು, ವರ್ಷಕ್ಕೆ ಕನಿಷ್ಠ 1,000 ಮಂದಿ ಸತ್ತರೆ ಅದನ್ನು ಅಂತರ್ಯುದ್ಧವೆಂದು ಲೆಕ್ಕಕ್ಕೆ ಹಿಡಿಯುವುದು ವಿದ್ವಾಂಸರಲ್ಲಿ ರೂಢಿ. ಗಲಭೆ, ಕಲ್ಲುತೂರಾಟ, ನಿಷೇಧಾಜ್ಞೆ ಇವೆಲ್ಲ ಕೆಟ್ಟವೇ, ಶಿವಮೊಗ್ಗದವರಿಗೆ ಅವು ಅಪರಿಚಿತವೂ ಅಲ್ಲ. ಆದರೆ ಅವುಗಳಿಂದ ಅಂತರ್ಯುದ್ಧಕ್ಕೆ ಇರುವ ದಾರಿ ಬಹಳ ದೂರದ್ದು, ಆ ದಾರಿಯ ನಡುವೆ ಅನೇಕ ಬಾಗಿಲುಗಳು ಒಂದರ ಮೇಲೊಂದು ಮುಚ್ಚಿಕೊಳ್ಳಬೇಕಾಗುತ್ತದೆ. ಬಾಗಿಲುಗಳು ಹೇಗೆ ಮುಚ್ಚಿಕೊಳ್ಳುತ್ತವೆ ಎಂಬುದನ್ನು ನೋಡಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಶ್ರೀಲಂಕಾ ಸಾಕು.

ಶ್ರೀಲಂಕಾದ ಯುದ್ಧವನ್ನು ಸಿಂಹಳೀಯರಿಗೂ ತಮಿಳರಿಗೂ ಇದ್ದ ಹಗೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ತರಗತಿಯಲ್ಲಿ ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿದೆ. ನಿವೃತ್ತನಾದ ಮೇಲೆ ನಿಧಾನವಾಗಿ ಓದಿದಾಗ ಕಂಡದ್ದು ಬೇರೆ: ಆ ದೇಶವನ್ನು ಯುದ್ಧದ ಬಾಯಿಗೆ ತಂದ ಮೊದಲ ಒಡಕು ಸಿಂಹಳೀಯರದೇ ಎರಡು ಪಕ್ಷಗಳ ನಡುವಿನದು. 1956ರ ಚುನಾವಣೆಯಲ್ಲಿ ಶ್ರೀಲಂಕಾ ಫ್ರೀಡಂ ಪಾರ್ಟಿಯ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುವುದಾಗಿ ಭರವಸೆ ಕೊಟ್ಟರು. ಅಲ್ಲಿಯವರೆಗೆ ಎರಡು ಭಾಷೆಗಳ ಪರವಾಗಿದ್ದ ಯುನೈಟೆಡ್ ನ್ಯಾಷನಲ್ ಪಾರ್ಟಿ ಸೋಲಿನ ಭಯದಿಂದ ತಾನೂ ಅದೇ ನಿಲುವಿಗೆ ಜಿಗಿಯಿತು. ಜಿಗಿದರೂ ಸಿಕ್ಕಿದ್ದು 95ರಲ್ಲಿ 8 ಸ್ಥಾನ. ಅಂದಿನಿಂದ ಹರಾಜು ಪ್ರಾರಂಭವಾಯಿತು ಎನ್ನಬೇಕು. ಒಬ್ಬರು ಒಂದು ಬೆಲೆ ಕೂಗಿದರೆ ಇನ್ನೊಬ್ಬರು ಅದಕ್ಕಿಂತ ಮೇಲೆ ಕೂಗಲೇಬೇಕು, ಇಬ್ಬರೂ ಕೂಗುತ್ತಿರುವುದು ಮೂರನೆಯವನ ಮನೆಯ ಮೇಲೆ.

ಬಂಡಾರನಾಯಕೆ ಮೂರ್ಖರಾಗಿರಲಿಲ್ಲ. ತಾವು ಎಬ್ಬಿಸಿದ್ದು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಬೇಗನೆ ತಿಳಿಯಿತು. 1957ರ ಜುಲೈನಲ್ಲಿ ತಮಿಳರ ನಾಯಕ ಎಸ್. ಜೆ. ವಿ. ಚೆಲ್ವನಾಯಕಂ ಅವರೊಡನೆ ಒಪ್ಪಂದ ಮಾಡಿಕೊಂಡು, ಪ್ರಾದೇಶಿಕ ಮಂಡಳಿಗಳನ್ನು ರಚಿಸುವುದಕ್ಕೂ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ತಮಿಳಿನಲ್ಲಿ ಆಡಳಿತ ನಡೆಸುವುದಕ್ಕೂ ಒಪ್ಪಿದರು. ಆಗ ವಿರೋಧದಲ್ಲಿದ್ದ ಯುನೈಟೆಡ್ ನ್ಯಾಷನಲ್ ಪಾರ್ಟಿಯ ಜೆ. ಆರ್. ಜಯವರ್ಧನೆ ಈ ಒಪ್ಪಂದದ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆಯ ಮುಂದೆಯೇ ಧರಣಿ ಕುಳಿತಾಗ ಬಂಡಾರನಾಯಕೆ ಒಪ್ಪಂದವನ್ನು ಕೈಬಿಟ್ಟರು. ಮರು ತಿಂಗಳೇ ದೇಶವ್ಯಾಪಿ ಗಲಭೆ. ಮರು ವರ್ಷ ಸೆಪ್ಟೆಂಬರ್‌ನಲ್ಲಿ ಬಂಡಾರನಾಯಕೆ ಅವರನ್ನು ಗುಂಡಿಟ್ಟು ಕೊಂದವನು ತಮಿಳನಲ್ಲ, ಒಬ್ಬ ಬೌದ್ಧ ಭಿಕ್ಷು.

ಈಗ ಪಾತ್ರಗಳನ್ನು ಅದಲು ಬದಲು ಮಾಡಿ ನೋಡಿ. 1965ರಲ್ಲಿ ಯುನೈಟೆಡ್ ನ್ಯಾಷನಲ್ ಪಾರ್ಟಿಯ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಕಂ ಅವರೊಡನೆ ಹೆಚ್ಚುಕಡಿಮೆ ಅಂಥದೇ ಒಪ್ಪಂದ ಮಾಡಿಕೊಂಡರು. ಈ ಬಾರಿ ಬೀದಿಗಿಳಿದದ್ದು ಬಂಡಾರನಾಯಕೆಯವರ ಪಕ್ಷ. 1968ರಲ್ಲಿ ಜಿಲ್ಲಾ ಮಂಡಳಿಗಳ ಮಸೂದೆ ಬಿದ್ದುಹೋಯಿತು. ಅಂದರೆ ಎರಡೂ ಪಕ್ಷಗಳಿಗೆ ಅಧಿಕಾರದಲ್ಲಿದ್ದಾಗ ರಾಜಿ ಬೇಕು, ವಿರೋಧದಲ್ಲಿದ್ದಾಗ ಅದೇ ರಾಜಿ ದೇಶದ್ರೋಹ. ಪರಿಹಾರ ಏನೆಂದು ಇಬ್ಬರಿಗೂ ಗೊತ್ತಿದ್ದು, ಅದನ್ನು ಜಾರಿ ಮಾಡಲು ಇಬ್ಬರೂ ಒಬ್ಬರಿಗೊಬ್ಬರು ಬಿಡದೇ ಹೋದದ್ದು ಆ ದೇಶದ ದುರಂತದ ಮೂಲ ಎಂದು ನಾನು ತಿಳಿದಿದ್ದೇನೆ. ತಮ್ಮ ಪ್ರಶ್ನೆಯಲ್ಲಿರುವ ಪಕ್ಷಗಳ ಜಗಳ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಇಷ್ಟಾದರೂ ಯುದ್ಧ ಬರಲಿಲ್ಲ ಎಂಬುದನ್ನು ಗಮನಿಸಬೇಕು. ತಮಿಳರು ಚುನಾವಣೆಗೆ ನಿಲ್ಲುತ್ತಲೇ ಇದ್ದರು. 1976ರ ವಟ್ಟುಕೋಟೈ ಸಭೆಯಲ್ಲಿ ಅವರ ನಾಯಕರು ಪ್ರತ್ಯೇಕ ದೇಶದ ನಿರ್ಣಯ ಮಾಡಿದ ನಂತರವೂ, 1977ರಲ್ಲಿ 18 ಸ್ಥಾನ ಗೆದ್ದು ಸಂಸತ್ತಿಗೆ ಬಂದು ಕುಳಿತರು. ಅವರ ನಾಯಕ ಎ. ಅಮೃತಲಿಂಗಂ ವಿರೋಧ ಪಕ್ಷದ ನಾಯಕರೂ ಆದರು. ಬಾಗಿಲು ಮುಚ್ಚಿದ್ದು ಆಮೇಲೆ. 1977ರಲ್ಲಿ ಸುಮಾರು ಅರ್ಧದಷ್ಟು ಮತ ಪಡೆದು 168ರಲ್ಲಿ 140 ಸ್ಥಾನ ಗಳಿಸಿದ್ದ ಜಯವರ್ಧನೆಯವರು, 1982ರ ಕೊನೆಯಲ್ಲಿ ಜನಮತಗಣನೆಯೊಂದನ್ನು ನಡೆಸಿ, ಹೊಸ ಚುನಾವಣೆಯೇ ಇಲ್ಲದೆ ಅದೇ ಸಂಸತ್ತಿನ ಅವಧಿಯನ್ನು ಆರು ವರ್ಷ ಮುಂದಕ್ಕೆ ಹಾಕಿದರು. 1983ರ ಜುಲೈನಲ್ಲಿ ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, 13 ಸೈನಿಕರು ಹೊಂಚುದಾಳಿಗೆ ಬಲಿಯಾದರು; ಅದಕ್ಕೆ ಸೇಡೆಂದು ಕೊಲಂಬೋದಲ್ಲಿ ಮತದಾರರ ಪಟ್ಟಿ ಹಿಡಿದು ತಮಿಳರ ಮನೆಗಳನ್ನು ಹುಡುಕಿ ಸುಟ್ಟರು. ಮತ ಹಾಕಲೆಂದು ಮಾಡಿದ ಪಟ್ಟಿ ಅದು. ಆಗಸ್ಟ್‌ನಲ್ಲಿ ಸಂವಿಧಾನದ ಆರನೇ ತಿದ್ದುಪಡಿಯ ಮೂಲಕ ಪ್ರತ್ಯೇಕತೆಯನ್ನು ತ್ಯಜಿಸಿ ಪ್ರಮಾಣ ಮಾಡದವರಿಗೆ ಸಂಸತ್ತಿನಲ್ಲಿ ಜಾಗವಿಲ್ಲವೆಂದಾಯಿತು, ತಮಿಳು ಸದಸ್ಯರು ಸ್ಥಾನ ಕಳೆದುಕೊಂಡರು. ಬಂದೂಕು ಹಿಡಿದ ಹುಡುಗರು ವರ್ಷಗಳಿಂದ ಹಿರಿಯರಿಗೆ ಹೇಳುತ್ತಿದ್ದುದು, ನಿಮ್ಮ ಸಂಸತ್ತಿನಿಂದ ಏನೂ ಆಗುವುದಿಲ್ಲ ಎಂದೇ ಅಲ್ಲವೇ? ಅವರ ಮಾತನ್ನು ಸರ್ಕಾರವೇ ನಿಜ ಮಾಡಿ ತೋರಿಸಿತು. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಇನ್ನೊಂದು ಸಂಗತಿ. ನಡುವೆ ನಿಂತು ಮಾತನಾಡುವವನನ್ನು ಮೊದಲು ಹೊಡೆಯುವುದು ಅವನ ಕಡೆಯವರೇ. ಬಂಡಾರನಾಯಕೆಯವರ ಸಾವನ್ನು ಹೇಳಿದೆ. ಅಮೃತಲಿಂಗಂ ಅವರನ್ನು 1989ರಲ್ಲಿ ಕೊಂದದ್ದು ತಮಿಳರದೇ ಬಂಡುಕೋರ ಸಂಘಟನೆಯಾದ ಎಲ್‌ಟಿಟಿಇ.

ನಮ್ಮ ಘಟ್ಟ ಇಳಿದು ಸುಳ್ಯದ ಕಡೆ ಹೋದವರಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಮಿಳು ಮಾತನಾಡುವ ಕಾರ್ಮಿಕ ಕುಟುಂಬಗಳು ಕಾಣಸಿಗುತ್ತವೆ. ಅವರ ಹಿರಿಯರು ಸಿಲೋನಿನ ಚಹಾ ತೋಟಗಳಲ್ಲಿ ದುಡಿದವರು. 1948ರ ಪೌರತ್ವ ಕಾಯ್ದೆಯಿಂದ ಯಾವ ದೇಶಕ್ಕೂ ಸೇರದವರಾಗಿ, 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಭಾರತಕ್ಕೆ ಬಂದವರು. ಮತದ ಹಕ್ಕು ಕಳೆದುಕೊಂಡವರ ಬಗ್ಗೆ ಯಾವ ಪಕ್ಷವೂ ಚುನಾವಣೆಯಲ್ಲಿ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬುದನ್ನು ಅವರ ಮನೆಯ ಅಜ್ಜ ಅಜ್ಜಿಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಉತ್ತರ 2: ಮಾಜಿ ಸೈನಿಕ, ಹೊಸನಗರ

ಮೇಷ್ಟ್ರು ಹೇಳಿದ್ದು ರಾಜಕೀಯದ ಕಡೆಯ ಮಾತು. ನಾನು ಬಂದೂಕಿನ ಕಡೆಯ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಸಿಟ್ಟು ಎಷ್ಟೇ ಇರಲಿ, ಎರಡು ಕಡೆಯೂ ಆಯುಧವಿಲ್ಲದೆ ಯುದ್ಧವಾಗುವುದಿಲ್ಲ.

1936ರ ಜುಲೈನಲ್ಲಿ ಸ್ಪೇನಿನ ಸೇನಾಧಿಕಾರಿಗಳ ಒಂದು ಗುಂಪು ಗಣರಾಜ್ಯದ ವಿರುದ್ಧ ಎದ್ದಿತು. ಸೇನೆ ಪೂರ್ತಿಯಾಗಿ ಅವರ ಹಿಂದೆ ಹೋಗಿದ್ದರೆ ಒಂದು ವಾರದಲ್ಲಿ ಸರ್ಕಾರ ಉರುಳಿ, ಅದು ಕ್ಷಿಪ್ರಕ್ರಾಂತಿ ಎನ್ನಿಸಿಕೊಳ್ಳುತ್ತಿತ್ತು; ಪೂರ್ತಿಯಾಗಿ ಸರ್ಕಾರದ ಜೊತೆ ನಿಂತಿದ್ದರೆ ದಂಗೆಕೋರರು ಸೆರೆಮನೆ ಸೇರುತ್ತಿದ್ದರು. ಆದದ್ದು ಎರಡೂ ಅಲ್ಲ. ಬಾರ್ಸಿಲೋನಾದಲ್ಲಿ ಸಿವಿಲ್ ಗಾರ್ಡ್ ಎಂಬ ಸಶಸ್ತ್ರ ಪೊಲೀಸ್ ಪಡೆ ಸರ್ಕಾರದ ಪರ ನಿಂತಿತು, ದಂಗೆ ಸೋತಿತು. ಬೇರೆ ಊರುಗಳಲ್ಲಿ ಅದೇ ಗಾರ್ಡ್ ದಂಗೆಕೋರರ ಜೊತೆ ಸೇರಿತು, ದಂಗೆ ಗೆದ್ದಿತು. ಹೀಗೆ ದೇಶ ಅಂಗುಲ ಅಂಗುಲವಾಗಿ ಸೀಳಿ ಮೂರು ವರ್ಷ ಹೊತ್ತಿ ಉರಿಯಿತು. ಲೆಬನಾನಿನಲ್ಲಿ 1975ರಲ್ಲಿ ಕಾದಾಟ ಶುರುವಾದ ಮರು ವರ್ಷವೇ ಸೇನೆ ಒಡೆದುಹೋಯಿತು. ಜನ ಒಡೆದರೆ ಜಗಳ, ಸಮವಸ್ತ್ರ ಒಡೆದರೆ ಯುದ್ಧ.

ಇದಕ್ಕಿಂತ ಮುಂಚಿನ ಹಂತವೂ ಒಂದಿದೆ. ಬೇಲಿಯೇ ಎದ್ದು ಹೊಲ ಮೇಯುವುದು. 1981ರಲ್ಲಿ ಜಾಫ್ನಾದ ಗ್ರಂಥಾಲಯವನ್ನು ಸುಟ್ಟ ಗುಂಪಿನಲ್ಲಿ ಪೊಲೀಸರೂ ಇದ್ದರು. ಸುಮಾರು 97,000 ಪುಸ್ತಕಗಳು ಬೂದಿಯಾದವು. ತನ್ನ ಮೇಲೆ ಹಲ್ಲೆಯಾದಾಗ ಠಾಣೆಗೆ ಹೋಗಿ ದೂರು ಕೊಡಬಹುದೆಂಬ ನಂಬಿಕೆ ಇರುವವರೆಗೆ ಸಾಮಾನ್ಯ ಮನುಷ್ಯ ಬಂದೂಕಿನವನ ಆಶ್ರಯ ಹುಡುಕುವುದಿಲ್ಲ. ಆ ನಂಬಿಕೆ ಹೋದ ದಿನ, ಅವನಿಗೆ ಇಷ್ಟವಿರಲಿ ಇಲ್ಲದಿರಲಿ, ತನ್ನ ಜಾತಿಯ, ಭಾಷೆಯ, ಧರ್ಮದ ಗುಂಪಿನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾನೆ.

ನಾನು ಎಂಬತ್ತರ ದಶಕದಲ್ಲಿ ಮಿಜೋರಾಂನಲ್ಲಿ ಸೇವೆಯಲ್ಲಿದ್ದೆ. ಬಿದಿರು ಹೂ ಬಿಟ್ಟರೆ ಇಲಿ ಹೆಚ್ಚಿ ಬರ ಬರುತ್ತದೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಬಿದಿರಕ್ಕಿ ಆರಿಸಿಕೊಂಡು ಬಂದು ಅನ್ನ ಮಾಡಿದ ನೆನಪಿರುವವರೂ ಇದ್ದಾರೆ. ಅಲ್ಲಿ 1959ರಲ್ಲಿ ಹಾಗೆಯೇ ಆಯಿತು. ಬಿದಿರು ಹೂಬಿಟ್ಟು, ಇಲಿಗಳು ಹೊಲ ಮತ್ತು ಕಣಜಗಳನ್ನು ತಿಂದು, ಕ್ಷಾಮ ಬಂತು. ಆಡಳಿತ ತಮ್ಮನ್ನು ಸಾಯಲು ಬಿಟ್ಟಿತೆಂಬ ನೋವಿನಿಂದ ಹುಟ್ಟಿದ ಕ್ಷಾಮ ಪರಿಹಾರ ಸಂಘಟನೆಯೇ ಮುಂದೆ ಲಾಲ್ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಗಿ, 1966ರ ಮಾರ್ಚ್‌ನಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ನಮ್ಮದೇ ವಾಯುಪಡೆಯ ವಿಮಾನಗಳು ನಮ್ಮದೇ ಐಜೋಲ್ ಪಟ್ಟಣದ ಮೇಲೆ ಗುಂಡಿನ ಮಳೆಗರೆದವು. ಅಲ್ಲಿನ ಹಿರಿಯರು ಅದನ್ನು ನನ್ನ ಮುಖ ನೋಡದೆ ಹೇಳುತ್ತಿದ್ದರು, ನಾನು ಕೂಡ ಅವರ ಮುಖ ನೋಡದೆ ಕೇಳಿದ್ದೇನೆ. ಇಪ್ಪತ್ತು ವರ್ಷಗಳ ನಂತರ, 1986ರ ಜೂನ್ 30ರಂದು ಒಪ್ಪಂದವಾಯಿತು. ಚುನಾಯಿತ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಕುರ್ಚಿಯಿಂದ ಕೆಳಗಿಳಿದು, ನಿನ್ನೆಯವರೆಗೆ ಬಂಡುಕೋರರಾಗಿದ್ದ ಲಾಲ್ಡೆಂಗಾ ಅವರಿಗೆ ಅದನ್ನು ಬಿಟ್ಟುಕೊಟ್ಟರು. ಮುಂದೆ 1989ರ ಚುನಾವಣೆಯಲ್ಲಿ ಲಾಲ್ಡೆಂಗಾ ಅವರ ಪಕ್ಷ ಸೋತಿತು. ಸೋತವರು ಕಾಡಿಗೆ ಮರಳಲಿಲ್ಲ. 1998ರಲ್ಲಿ ಅದೇ ಪಕ್ಷ ಗೆದ್ದು ಸರ್ಕಾರ ಮಾಡಿತು. ತಾವು ಗಡಿ ಎಲ್ಲಿದೆ ಎಂದು ಕೇಳಿದಿರಿ. ಗಡಿ ದಾಟಿದವರೂ ಹಿಂದಿರುಗಬಹುದು ಎಂಬುದಕ್ಕೆ ಇದನ್ನು ಬರೆದೆ.

ಉತ್ತರ 3: ವಕೀಲೆ, ಶಿವಮೊಗ್ಗ

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೆ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ, ಉತ್ತರಗಳು ಅದನ್ನು ಹಾಗೆಯೇ ಒಪ್ಪಿಕೊಂಡಿವೆ. ಒಡಕು ಕೆಟ್ಟದ್ದು, ಒಗ್ಗಟ್ಟು ಒಳ್ಳೆಯದು ಎಂಬುದು ಆ ತೊಡಕು. ಅಮೆರಿಕದ ಉದಾಹರಣೆಯನ್ನು ಮೇಷ್ಟ್ರು ದೂರವೆಂದು ಬಿಟ್ಟರು, ನನಗೆ ಅದನ್ನು ಬಿಡಲು ಮನಸ್ಸಿಲ್ಲ.

ಅಮೆರಿಕ 1861ರಲ್ಲಿ ಒಡೆದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನ ನಲವತ್ತು ವರ್ಷ ಒಂದಾಗಿದ್ದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಗುಲಾಮಗಿರಿಯ ಬಗ್ಗೆ ಮಾತನಾಡದಿರುವುದೇ ಆ ಒಗ್ಗಟ್ಟಿನ ಬೆಲೆಯಾಗಿತ್ತು. 1836ರಿಂದ 1844ರವರೆಗೆ ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಗುಲಾಮಗಿರಿಯ ವಿರುದ್ಧ ಬಂದ ಅರ್ಜಿಗಳನ್ನು ಚರ್ಚೆಗೆ ಎತ್ತಿಕೊಳ್ಳಬಾರದೆಂಬ ನಿಯಮವೇ ಇತ್ತು. 1820ರ ರಾಜಿ, 1850ರ ರಾಜಿ ಎಂದು ಪಠ್ಯಪುಸ್ತಕಗಳು ಹೊಗಳುವ ಒಪ್ಪಂದಗಳೆಲ್ಲ ಯಾರ ಬೆನ್ನ ಮೇಲೆ ಬರೆಯಲ್ಪಟ್ಟವೋ ಆ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. 1860ರ ವೇಳೆಗೆ ಅವರ ಸಂಖ್ಯೆ ಸುಮಾರು 40 ಲಕ್ಷ. ಹಾಗಾಗಿ ನಡುವೆ ನಿಂತು ಮಾತನಾಡುವವರನ್ನು ಮೇಷ್ಟ್ರು ಹೊಗಳುವಾಗ, ಯಾವ ಎರಡು ತುದಿಗಳ ನಡುವೆ ಎಂದು ಕೇಳಬೇಕಾಗುತ್ತದೆ. ಒಡೆಯನಿಗೂ ಇನ್ನೊಬ್ಬ ಒಡೆಯನಿಗೂ ನಡುವೆ ನಿಂತವನು ಗುಲಾಮನ ಪಾಲಿಗೆ ಮಧ್ಯಸ್ಥನಲ್ಲ.

ಇಷ್ಟು ಹೇಳಿದ ಮೇಲೆ, ಆ ಒಡಕು ಯುದ್ಧವಾಗಿ ಮಾರ್ಪಟ್ಟ ಕ್ರಮದಲ್ಲಿ ಮೇಷ್ಟ್ರ ಮಾತಿಗೆ ಹೊಂದುವ ಸಂಗತಿಗಳಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಉತ್ತರ ದಕ್ಷಿಣಗಳನ್ನು ಅಡ್ಡವಾಗಿ ಹೆಣೆದಿದ್ದ ದಾರಗಳು ಒಂದೊಂದಾಗಿ ಕಡಿದುಹೋದವು. 1844ರಲ್ಲಿ ಮೆಥೊಡಿಸ್ಟ್ ಚರ್ಚು, 1845ರಲ್ಲಿ ಬ್ಯಾಪ್ಟಿಸ್ಟ್ ಚರ್ಚು ಗುಲಾಮಗಿರಿಯ ಪ್ರಶ್ನೆಯಲ್ಲಿ ಎರಡಾದವು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅಲ್ಲಿ ನೆಲೆಸಿದವರಿಗೇ ಬಿಟ್ಟ 1854ರ ಕನ್ಸಾಸ್-ನೆಬ್ರಾಸ್ಕಾ ಕಾಯ್ದೆಯ ಹೊಡೆತಕ್ಕೆ, ಎರಡು ದೊಡ್ಡ ಪಕ್ಷಗಳಲ್ಲಿ ಒಂದಾಗಿದ್ದ ವಿಗ್ ಪಕ್ಷ ಉಳಿಯಲಿಲ್ಲ. ಕೊನೆಗೆ 1860ರಲ್ಲಿ ಡೆಮಾಕ್ರಟಿಕ್ ಪಕ್ಷವೂ ಎರಡಾಗಿ ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸಿತು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡುವುದನ್ನು ವಿರೋಧಿಸುತ್ತಿದ್ದ ಲಿಂಕನ್ ಸುಮಾರು ಶೇಕಡಾ 40ರಷ್ಟು ಮತ ಪಡೆದು ಗೆದ್ದರು. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವರ ಹೆಸರಿಗೆ ಮತ ಹಾಕುವ ಅವಕಾಶವೇ ಇರಲಿಲ್ಲ. ಅವರು ಅಧಿಕಾರ ಸ್ವೀಕರಿಸುವ ಮೊದಲೇ, 1860ರ ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನಾ ಒಕ್ಕೂಟದಿಂದ ಹೊರಬಿದ್ದಿತು. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲವೆಂದು ಲಿಂಕನ್ ಹೇಳುತ್ತಲೇ ಇದ್ದರು. ಆದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ದಕ್ಷಿಣದ ತೋಟದೊಡೆಯರು ನೋಡುತ್ತಿದ್ದುದು ಆ ಒಂದು ಸೋಲನ್ನಲ್ಲ, ಇನ್ನು ಮುಂದೆ ತಾವಿಲ್ಲದೆಯೇ ಅಧ್ಯಕ್ಷರನ್ನು ಆರಿಸಬಹುದೆಂಬ ಲೆಕ್ಕವನ್ನು.

1856ರ ಮೇ ತಿಂಗಳಲ್ಲಿ ಸೆನೆಟ್ ಸಭಾಂಗಣದಲ್ಲಿಯೇ ಪ್ರೆಸ್ಟನ್ ಬ್ರೂಕ್ಸ್ ಎಂಬ ದಕ್ಷಿಣದ ಸದಸ್ಯ, ಗುಲಾಮಗಿರಿಯ ವಿರೋಧಿ ಚಾರ್ಲ್ಸ್ ಸಮ್ನರ್ ಅವರನ್ನು ಕೈಗೋಲಿನಿಂದ ಪ್ರಜ್ಞೆ ತಪ್ಪುವವರೆಗೆ ಹೊಡೆದ. ಹೊಡೆದದ್ದಕ್ಕಿಂತ ಭಯಾನಕ ಸಂಗತಿ ಅನಂತರದ್ದು: ಅವನ ಕಡೆಯವರು ಅವನಿಗೆ ಹೊಸ ಕೈಗೋಲುಗಳನ್ನು ಉಡುಗೊರೆಯಾಗಿ ಕಳುಹಿಸಿದರು, ರಾಜೀನಾಮೆ ಕೊಟ್ಟವನನ್ನು ಮತ್ತೆ ಆರಿಸಿ ಕಳುಹಿಸಿದರು. ನ್ಯಾಯಾಲಯದಲ್ಲಿ ದಿನವೂ ಹೊಡೆದಾಟದ ಪ್ರಕರಣಗಳನ್ನು ನೋಡುವವಳಾಗಿ ಹೇಳುತ್ತೇನೆ, ಹೊಡೆದವನು ಎಲ್ಲ ಕಾಲದಲ್ಲಿಯೂ ಇರುತ್ತಾನೆ. ಅವನಿಗೆ ಹಾರ ಹಾಕಲು ಜನ ಸೇರುತ್ತಾರೋ ಇಲ್ಲವೋ ಎಂಬುದರಿಂದ ಊರಿನ ಸ್ಥಿತಿ ತಿಳಿಯುತ್ತದೆ.

ಕೊನೆಗೆ ನಮ್ಮ ಜಿಲ್ಲೆಯ ಮಾತು. ಗೇಣಿದಾರರು ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹಕ್ಕೆ ಮುಂಚೆ ಸಾಗರದ ಹಳ್ಳಿಗಳು ಬಹಳ ಒಗ್ಗಟ್ಟಿನಿಂದ ಇದ್ದವು ಎಂದು ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಗೇಣಿದಾರ ಬಾಯಿ ಮುಚ್ಚಿಕೊಂಡಿದ್ದ ಎನ್ನುವುದಕ್ಕೆ ಅದು ಮರ್ಯಾದೆಯ ಮಾತು. ಎರಡು ದೀಪ ಹೊರಟಿದ್ದನ್ನು ಕಂಡು ಪ್ರಶ್ನೆ ಕೇಳಿದವರು ಹೆದರಿದ್ದಾರೆ. ಒಂದೇ ದೀಪ ಬರುತ್ತಿದ್ದ ಕಾಲದಲ್ಲಿ ಅದು ನಿಜವಾಗಿಯೂ ಎಲ್ಲರ ಅಂಗಳಕ್ಕೂ ಹೋಗುತ್ತಿತ್ತೇ ಎಂದು ಅವರನ್ನು ಕೇಳಬೇಕೆನಿಸುತ್ತದೆ.

ಉತ್ತರ 4: ನಿವೃತ್ತ ಇತಿಹಾಸ ಅಧ್ಯಾಪಕ, ಸಾಗರ

ವಕೀಲರು ಹಿಡಿದು ನಿಲ್ಲಿಸಿದ್ದು ಸರಿಯಾಗಿದೆ. ನಾನು ರಾಜಿಯನ್ನು ಹೊಗಳುವ ಭರದಲ್ಲಿ, ರಾಜಿಯ ಮೇಜಿನ ಸುತ್ತ ಯಾರು ಕುಳಿತಿದ್ದರು ಎಂದು ಕೇಳುವುದನ್ನು ಮರೆತೆ. ಆದರೆ ಕಾಗೋಡನ್ನು ಅವರು ತಂದದ್ದರಿಂದ, ಅದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ತೋರಿಸಲು ಅಪ್ಪಣೆ ಕೇಳುತ್ತೇನೆ. ಅದು ನಮ್ಮ ತಾಲ್ಲೂಕಿನ ಸಂಗತಿಯಾದ್ದರಿಂದ ಸ್ವಲ್ಪ ಹೆಚ್ಚು ಹೇಳಿದರೆ ಕ್ಷಮಿಸಬೇಕು.

ಕಾಗೋಡಿನಲ್ಲಿ ಜಗಳಕ್ಕೆ ಕಾರಣವಾದದ್ದು ಗೇಣಿ ಭತ್ತ ಅಳೆಯುವ ಕೊಳಗ. ಗೇಣಿ ಇಷ್ಟು ಕೊಳಗ ಎಂದು ಮಾತಾಗಿರುತ್ತಿತ್ತು, ಆದರೆ ಕೊಳಗ ಒಡೆಯರ ಮನೆಯದು, ಅದು ಎಷ್ಟು ದೊಡ್ಡದೆಂದು ತೀರ್ಮಾನಿಸುವವರೂ ಒಡೆಯರೇ. ಸರಿಯಾದ ಅಳತೆ ಬೇಕೆಂದು ಗೇಣಿದಾರರು ಕೇಳಿದರು, ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ದೂರದಿಂದ ಬಂದು ಬಂಧನಕ್ಕೆ ಒಳಗಾದರು. ಜನ ಗುಂಪು ಗುಂಪಾಗಿ ಸೆರೆಮನೆ ಸೇರಿದರು. ಆ ವರ್ಷ ಗೆಲುವೇನೂ ಸಿಗಲಿಲ್ಲ. ಒಂದು ಊರು ಇದಕ್ಕಿಂತ ಆಳವಾಗಿ ಒಡೆಯುವುದು ಸಾಧ್ಯವೆಂದು ನನಗನ್ನಿಸುವುದಿಲ್ಲ: ಭೂಮಿ, ಜಾತಿ, ಅನ್ನ, ಮರ್ಯಾದೆ ಎಲ್ಲವೂ ಒಂದೇ ಗೆರೆಯ ಮೇಲೆ ಸೀಳಿದ್ದವು.

ಇದೇ ನೆಲದಲ್ಲಿ 1830ರಲ್ಲಿ ಏನಾಗಿತ್ತು ನೋಡಿ. ಮೈಸೂರು ಸರ್ಕಾರದ ಶರತ್ತು ಪದ್ಧತಿಯಲ್ಲಿ, ಇಂತಿಷ್ಟು ಕಂದಾಯ ತಂದುಕೊಡುವುದಾಗಿ ಒಪ್ಪಿಕೊಂಡ ಅಮಲ್ದಾರರು ರೈತರನ್ನು ಹಿಂಡಿದಾಗ, ರೈತರು ಕೂಟ ಸೇರಿದರು. ಅಹವಾಲು ಕೇಳುವ ಕಿವಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಅದು ನಗರದ, ಅಂದರೆ ಹಳೆಯ ಬಿದನೂರಿನ ಸೀಮೆಯ, ದಂಗೆಯಾಯಿತು. ಬೂದಿ ಬಸವಪ್ಪ ತಾನೇ ನಗರದ ದೊರೆಯೆಂದು ಹೊರಟ. ಬ್ರಿಟಿಷರ ಸೈನ್ಯ ಬಂತು. 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನೇ ಕಂಪನಿ ತೆಗೆದುಕೊಂಡಿತು, ಅದು ಅರಸರಿಗೆ ಮರಳಿ ಸಿಕ್ಕಿದ್ದು 1881ರಲ್ಲಿ.

ಕಾಗೋಡಿನ ಗೇಣಿದಾರನ ನೋವು ನಗರದ ರೈತನ ನೋವಿಗಿಂತ ಕಡಿಮೆಯದೆಂದು ಯಾರೂ ಹೇಳಲಾರರು. ವ್ಯತ್ಯಾಸವೆಂದರೆ 1952ರಲ್ಲಿ ಅವನ ಕೈಗೆ ಮತಪತ್ರ ಬಂತು, ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು, ಕೊಳಗದ ಮಾತು ವಿಧಾನಸಭೆ ಮುಟ್ಟಿತು. ಗೇಣಿದಾರನನ್ನೇ ಜಮೀನಿನ ಒಡೆಯನನ್ನಾಗಿ ಮಾಡಿದ ಭೂಸುಧಾರಣೆಯ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಂತು. ಇಪ್ಪತ್ಮೂರು ವರ್ಷ ಎಂದರೆ ಸಣ್ಣ ಕಾಲವಲ್ಲ, ಅಷ್ಟರಲ್ಲಿ ಎಷ್ಟೋ ಗೇಣಿದಾರರು ತೀರಿಕೊಂಡಿದ್ದರು. ಆದರೂ ಅವರ ಮಕ್ಕಳು ಕೋವಿ ಹಿಡಿಯದೆ ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತರು. ಜಮೀನು ಕಳೆದುಕೊಂಡ ಒಡೆಯರ ಮನೆಯವರು ಶಪಿಸಿದರು, ರಿಟ್ ಹಾಕಿದರು, ಮುಂದಿನ ಚುನಾವಣೆಯಲ್ಲಿ ವಿರುದ್ಧ ಮತ ಹಾಕಿದರು.

ಸ್ಪೇನಿನಲ್ಲಿ ಇಲ್ಲದಿದ್ದದ್ದು ಇದೇ. 1934ರ ಅಕ್ಟೋಬರ್‌ನಲ್ಲಿ ಬಲಪಕ್ಷದ ಮೂವರು ಮಂತ್ರಿಗಳಾದದ್ದನ್ನು ಸಹಿಸದೆ ಎಡಪಂಥೀಯರು ಅಸ್ತೂರಿಯಾಸ್‌ನಲ್ಲಿ ಆಯುಧ ಹಿಡಿದರು; 1936ರ ಫೆಬ್ರವರಿಯಲ್ಲಿ ಬಹಳ ಕಡಿಮೆ ಮತಗಳ ಅಂತರದಿಂದ ಎಡಪಂಥೀಯರ ಕೂಟ ಗೆದ್ದಾಗ ಬಲಪಂಥೀಯರ ಸರದಿ ಬಂತು. ಎರಡೂ ಕಡೆಯವರಿಗೆ ಸೋಲು ಎಂದರೆ ಸಾವು ಎಂದೇ ಅನ್ನಿಸಿತ್ತು. ಮಾಜಿ ಸೈನಿಕರು ಹೇಳಿದ ಮಿಜೋರಾಂ ಮತ್ತು ನಮ್ಮ ಕಾಗೋಡು, ಈ ಎರಡೂ ಕಡೆಗಳಲ್ಲಿ ಸೋತವನಿಗೆ ಹೋಗಿ ನಿಲ್ಲಲು ಒಂದು ಜಾಗ ಉಳಿದಿತ್ತು. ವಕೀಲರು ತಕರಾರು ಮಾಡಬಹುದು, ಆದರೆ ಗುಲಾಮನಿಗೆ ಆ ಜಾಗ ಮೊದಲೇ ಇರಲಿಲ್ಲ ಎಂಬುದೇ ಅವರ ವಾದವೂ ಅಲ್ಲವೇ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞ. ವಕೀಲರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಒಂದೇ ದೀಪ ಬರುತ್ತಿದ್ದ ಕಾಲದಲ್ಲಿ ಅದು ಎಲ್ಲರ ಅಂಗಳಕ್ಕೂ ಹೋಗುತ್ತಿತ್ತೇ ಎಂದು ನಿನ್ನೆ ರಾತ್ರಿ ಅಮ್ಮನನ್ನು ಕೇಳಿದೆ. ಆಕೆಗೆ ಎಂಬತ್ತಾರು ವರ್ಷ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳೆಯಾಚೆಗೆ ಹೋಗುತ್ತಿರಲಿಲ್ಲ" ಎಂದಳು. ಹೊಳೆಯಾಚೆಗೆ ಇದ್ದವರು ನಮ್ಮ ಗದ್ದೆಯ ಗೇಣಿದಾರರು. ಈಗ ಆ ಗದ್ದೆಗಳು ಅವರವೇ. ಕಳೆದ ದೀಪಾವಳಿಯಲ್ಲಿ ನಮ್ಮ ಮನೆ ಬಿಟ್ಟುಹೋದ ತಂಡದಲ್ಲಿ ಅವರ ಮೊಮ್ಮಕ್ಕಳಿದ್ದರು ಎಂಬುದನ್ನು ನಾನು ಪ್ರಶ್ನೆಯಲ್ಲಿ ಬರೆದಿರಲಿಲ್ಲ, ಬರೆಯಬೇಕೆಂದೂ ಅನ್ನಿಸಿರಲಿಲ್ಲ.

ಮೇಷ್ಟ್ರು ಕ್ಷಮಿಸಬೇಕು, ನಮ್ಮದು ಒಡೆಯರ ಕಡೆಯ ಮನೆ. ಕಾಗೋಡು ನಮಗೆ ದೂರವೇ, ಆದರೆ ಕೊಳಗ ನಮ್ಮಲ್ಲಿಯೂ ಇತ್ತು. ಅಜ್ಜನ ಕಾಲದ ಮರದ ಕೊಳಗ ಅಟ್ಟದ ಮೇಲೆ, ಹಳೆಯ ಪಣತದ ಹಲಗೆಗಳ ಹಿಂದೆ ಬಿದ್ದಿದೆ. ಸೇರು ಅಡುಗೆಮನೆಯಲ್ಲಿಯೇ ಇದೆ. ನಾಳೆ ಕೊಳಗವನ್ನು ಇಳಿಸಿ, ಭತ್ತ ತುಂಬಿ, ಎಷ್ಟು ಸೇರು ಹಿಡಿಯುತ್ತದೆಂದು ಅಳೆದು ಇಲ್ಲಿ ತಿಳಿಸುತ್ತೇನೆ.